ಆರು ಕಾಯಿಲ್ ಯಾರ ಖರ್ಚಿನಲ್ಲಿ?

ಅಕ್ಕನ ಶೆಡ್ಡಿನಲ್ಲಿರುವ ಕರೆಂಟ್ ಕಿಲ್ನ್ (ಮಣ್ಣಿನ ಪಾತ್ರೆ ಸುಡುವ ಗೂಡು) ನಮ್ಮ ನಾಲ್ಕು ಮನೆಗೆ ಸೇರಿದ್ದು. ಅದರೊಳಗೆ ಬಿಸಿ ಕೊಡುವ ಆರು ಸುರುಳಿ ತಂತಿಗಳಿಗೇ ಕಾಯಿಲ್ ಅನ್ನುವುದು. ಈಚೆಗೆ ಅವುಗಳಿಗಾಗಿ ಮನೆಯ ವಾಟ್ಸಾಪ್ ಗುಂಪಿನಲ್ಲಿ ದೊಡ್ಡ ಚರ್ಚೆ ಆಯಿತು. ಹಂಚಿಕೊಂಡ ಕಿಲ್ನ್ ಇಟ್ಟುಕೊಂಡವರಿಗೆ ಉಪಯೋಗ ಆಗಬಹುದು ಅಂತ ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೇ ಇವೆ.

ದೊಡ್ಡಕ್ಕ: ರಾತ್ರಿಯ ಫೈರಿಂಗ್ ಮುಗಿದಿಲ್ಲ. 1190 ಡಿಗ್ರಿವರೆಗೆ ಹೋಗಿ ಅಲ್ಲೇ ನಿಂತಿದೆ. ಕಂಟ್ರೋಲರ್ ಎರರ್ ತೋರಿಸಿ ತಾನೇ ಆಫ್ ಆಗಿದೆ.

ದೊಡ್ಡಕ್ಕ: (ಫೋಟೊ) ಕೆಳಗಿನ ಶೆಲ್ಫಿನ ತಟ್ಟೆಗಳು ನೋಡಿ. ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಕರಗೇ ಇಲ್ಲ, ಸುಣ್ಣ ಬಳಿದ ಗೋಡೆ ಥರ ಒರಟಾಗಿದೆ. ಮೇಲಿನ ಶೆಲ್ಫು ಪರವಾಗಿಲ್ಲ.

ಅಣ್ಣ: ಅಷ್ಟಕ್ಕೆ ಗಾಬರಿ ಬೇಡ ಅಕ್ಕ. 1190ರಲ್ಲೇ ಒಂದು ಗಂಟೆ ಹೋಲ್ಡ್ ಕೊಡು, ಬಿಸಿ ಅಷ್ಟರಲ್ಲೇ ನಿಲ್ಲಲಿ. ಕೋನ್ 6 ಬಿದ್ದೇ ಬೀಳುತ್ತದೆ. (ಕೋನ್ ಅಂದರೆ ಬಿಸಿ ಸಾಕಷ್ಟು ತಗುಲಿತೇ ಅಂತ ನೋಡಲು ಒಳಗೆ ಇಡುವ ಮೊನಚು ತುಂಡು. ತನ್ನ ಅಂಕಿಗೆ ತಕ್ಕ ಬಿಸಿಗೆ ಬಾಗುತ್ತದೆ. ಕೋನ್ 6ಕ್ಕಿಂತ ಕೋನ್ 10ಕ್ಕೆ ಹೆಚ್ಚು ಬಿಸಿ ಬೇಕು.) ನಿಧಾನವಾಗಿ ಏರಿದರೆ ಕಡಿಮೆ ಡಿಗ್ರಿಗೇ ಕೋನ್ ಬಾಗುತ್ತದೆ, ಅಲ್ವಾ?

ನಾನು: ಅದು ನಿಜ ಅಣ್ಣ. ಗಂಟೆಗೆ 150 ಡಿಗ್ರಿಯಂತೆ ಏರಿಸಿದರೆ ಕೋನ್ 6 ಬಾಗಲು 1243 ಬೇಕು. ಗಂಟೆಗೆ 60ರಂತೆ ಹೋದರೆ 1222 ಸಾಕು. ಆದರೆ ಇಲ್ಲಿ ಮೇಲೆ ಸರಿಯಾಗಿ ಬೆಂದು ಕೆಳಗೆ ಬೇಯುತ್ತಿಲ್ಲ. ಹೋಲ್ಡ್ ಕೊಟ್ಟರೆ ಮೇಲಿನ ಗ್ಲೇಜ್ ಹರಿದು ಇಳಿಯುತ್ತದೆ, ಕೆಳಗಿನದು ಆಗಲೂ ಅರೆಬರೆಯೇ. ಕಾಯಿಲ್‌ಗಳು ಸೋತಿವೆ. ಸೋತ ಕಾಯಿಲ್ ಅನ್ನು ತುತ್ತತುದಿಯ ಬಿಸಿಯಲ್ಲಿ ಇನ್ನೂ ಒಂದು ಗಂಟೆ ಉರಿಸಿದರೆ ಅದರ ಆಯಸ್ಸೇ ಕಡಿಮೆ.

ಚಿಕ್ಕಪ್ಪ: ಊಹೆ ಮಾಡಿ ಜಗಳ ಆಡಬೇಡಿ. ಸಂಜೆ ಮೀಟರ್ ತರುತ್ತೇನೆ. ಅಲ್ಲಿವರೆಗೆ ಮೇನ್ ಆಫ್ ಇರಲಿ. ಕಂಟ್ರೋಲರ್ ಆಫ್ ಅಂದರೆ ಕರೆಂಟ್ ಆಫ್ ಅಂತಲ್ಲ. ಯಾರೂ ಒಳಗೆ ಕೈ ಹಾಕಬೇಡಿ.

(ಸಂಜೆ)

ಚಿಕ್ಕಪ್ಪ: ಕಾಯಿಲ್‌ಗೆ ಕರೆಂಟ್ ಬಿಟ್ಟು ತಡೆಯುವ ರಿಲೇಗಳು ಸರಿ ಇವೆ. ಕಾಯಿಲ್‌ನ ಎರಡೂ ತುದಿಯ ವೈರ್ ಬಿಚ್ಚಿ ಒಂದೊಂದನ್ನೇ ಅಳೆದೆ. ಹೊಸದರಲ್ಲಿ ಒಂದೊಂದು 12 ಓಮ್ (ತಂತಿ ಕರೆಂಟ್ ತಡೆಯುವ ಅಳತೆ) ಇತ್ತು, ಮುಚ್ಚಳದ ಒಳಗೆ ನಾನೇ ಬರೆದಿಟ್ಟಿದ್ದೆ. ಈಗ ಮೇಲಿನ ನಾಲ್ಕು 13.2ರ ಆಸುಪಾಸು. ಕೆಳಗಿನ ಎರಡರಲ್ಲಿ ಒಂದು 13.6, ಇನ್ನೊಂದು 14.1.

ಚಿಕ್ಕಪ್ಪ: (ಫೋಟೊ) ಇನ್ನೊಂದು ವಿಷಯ. ಆ 14.1ರ ತುದಿಯ ಬೋಲ್ಟ್ ಸಡಿಲ ಆಗಿದೆ. ವೈರ್ ತುದಿ ಕಪ್ಪಾಗಿ ಸುಟ್ಟಿದೆ. ಸಡಿಲ ಇದ್ದಲ್ಲೇ ಬಿಸಿ ಜಾಸ್ತಿ, ಬಿಸಿಯಾದಷ್ಟೂ ಇನ್ನಷ್ಟು ಸಡಿಲ. ಇದನ್ನು ಹೊಸದಾಗಿ ಜೋಡಿಸಿ, ಆ ಒಂದು ಕಾಯಿಲ್ ಬದಲಿಸಿದರೆ ಸಾಕು.

ಅಣ್ಣ: ಅದನ್ನೇ ಮಾಡಿಬಿಡಿ ಚಿಕ್ಕಪ್ಪ. ಒಂದೇ ಕಾಯಿಲ್, ಖರ್ಚು ನಾಲ್ಕು ಮನೆಗೂ ಸಮ.

ನಾನು: ಬೇಡ ಚಿಕ್ಕಪ್ಪ, ದಯವಿಟ್ಟು. ವೋಲ್ಟೇಜ್ ಅಷ್ಟೇ ಇದ್ದು ಓಮ್ ಹೆಚ್ಚಿದರೆ ಶಕ್ತಿ ಇಳಿಯುತ್ತದೆ. 12 ಇದ್ದದ್ದು 13.2 ಆಯಿತು ಅಂದರೆ ಶಕ್ತಿ ನೂರಕ್ಕೆ 9 ಪಾಲು ಹೋಯಿತು. ಓಮ್ ನೂರಕ್ಕೆ 10 ಏರಿದಾಗ ಬದಲಿಸಬೇಕು ಅನ್ನುವುದು ಕಿಲ್ನ್ ಕೆಲಸದವರ ಸಾಮಾನ್ಯ ಲೆಕ್ಕ. ಆರೂ ಆ ಗೆರೆ ಮುಟ್ಟಿವೆ. ಐದು ಹಳೆಯದರ ನಡುವೆ ಒಂದು ಹೊಸದು ಹಾಕಿದರೆ ಬಿಸಿ ಮತ್ತೆ ಏರುಪೇರು. ಮೂರು ತಿಂಗಳಿಗೆ ಇನ್ನೊಂದು ಬಿಚ್ಚುತ್ತಾ ಕೂರಬೇಕು.

ದೊಡ್ಡಕ್ಕ: ನನಗೂ ಆರೂ ಬದಲಿಸುವುದೇ ಸರಿ ಅನಿಸುತ್ತದೆ. ಪ್ರತಿ ಸಲ ಒಂದು ಕಡೆ ಹಸಿ, ಒಂದು ಕಡೆ ಹೆಚ್ಚು ಬೆಂದು ಕೈಕೆಲಸವೆಲ್ಲ ಹಾಳಾಗುವುದು ನೋಡಕ್ಕಾಗಲ್ಲ. ಆ ತಟ್ಟೆಗಳಿಗೆ ಎರಡು ವಾರ ಹಾಕಿದ್ದೆ.

ನಾನು: ಖರ್ಚು ಮಾತ್ರ ಸಮ ಆಗಬಾರದು. ಕಾಯಿಲ್ ಎಲ್ಲರಿಂದಲೂ ಒಂದೇ ಥರ ಸವೆದಿಲ್ಲ. ನಾನು ಬಿಸ್ಕ್ (ಗ್ಲೇಜ್ ಹಚ್ಚುವ ಮೊದಲಿನ ಸುಡುವಿಕೆ) ಸುಡುವುದು 1060 ಡಿಗ್ರಿಗೆ. ಅಣ್ಣ ಕೋನ್ 10 ಅಂತ 1285ರವರೆಗೆ ಒಯ್ಯುತ್ತಾನೆ. ಅತ್ತಿಗೆ, ಫೈರಿಂಗ್ ಪುಸ್ತಕ ನಿಮ್ಮ ಹತ್ತಿರ ಇದೆ ಅಲ್ವಾ? ಸ್ವಲ್ಪ ಲೆಕ್ಕ ಹೇಳಿ.

ಅಣ್ಣ: ಕೋನ್ 10 ಆಗುತ್ತದೆ ಅಂತ ನೋಡಿಯೇ ಈ ಕಿಲ್ನ್ ತಂದೆವು. ಆಗ ಎಲ್ಲರೂ ಒಪ್ಪಿದ್ದಿರಿ. ಈಗ ನನ್ನೊಬ್ಬನ ಕಡೆ ಬೆರಳು ತೋರಿಸುವುದು ನ್ಯಾಯವಲ್ಲ.

ಅತ್ತಿಗೆ: ಪುಸ್ತಕದಲ್ಲಿ ಇರುವುದನ್ನು ಹೇಳುತ್ತೇನೆ. ಕಳೆದ ಸಲ ಕಾಯಿಲ್ ಹಾಕಿದ ಮೇಲೆ 118 ಫೈರಿಂಗ್ ಆಗಿವೆ. ಬಿಸ್ಕ್ 64. ಕೋನ್ 6ರದ್ದು 23. ಕೋನ್ 10ರದ್ದು 31. ಆ 31ರಲ್ಲಿ ಎಲ್ಲವೂ ಇವರವೇ.

ಅಣ್ಣ: ಹಾಗಾದರೆ ಪುಸ್ತಕದಲ್ಲಿ ಇಲ್ಲದ್ದನ್ನೂ ಹೇಳಲಾ? ಹೋದ ವರ್ಷ ಕಾಗದ ಬೆರೆಸಿದ ಮಣ್ಣಿನ ಗೊಂಬೆ ಸುಟ್ಟವರು ಯಾರು? ನೋಡುವ ಕಂಡಿ ಎರಡಕ್ಕೂ ಬಿರಡೆ ಹಾಕಿ, ಮುಚ್ಚಳ ಬಿಗಿದು. ಶೆಡ್ಡೆಲ್ಲ ಹೊಗೆ. ಕಾಯಿಲ್‌ಗೆ ಆ ಹೊಗೆ ಒಳ್ಳೆಯದಾ?

ಇಲ್ಲಿ ನಾನು ಸ್ವಲ್ಪ ಹೊತ್ತು ಏನೂ ಬರೆಯಲಿಲ್ಲ. ಅವನು ಹೇಳಿದ್ದು ಸರಿ ಇತ್ತು.

ನಾನು: ಅದು ನನ್ನದೇ ತಪ್ಪು. ಒಪ್ಪುತ್ತೇನೆ. ನಮ್ಮ ಕಾಯಿಲ್ ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಸೇರಿದ ತಂತಿ. ಬಿಸಿಯಲ್ಲಿ ಗಾಳಿ ಸಿಕ್ಕಾಗ ಅದರ ಮೈಮೇಲೆ ಅಲ್ಯೂಮಿನಾದ ತೆಳುವಾದ ಪದರ ಕಟ್ಟುತ್ತದೆ. ತಂತಿಯನ್ನು ಕಾಯುವುದು ಅದೇ ಪದರ. ಕಾಗದ ಉರಿದು ಗಾಳಿ ಸಾಲದೆ ಹೋದರೆ ಪದರ ಹಾಳಾಗುತ್ತದೆ. ಆಗ ನನಗೆ ಇದು ಗೊತ್ತಿರಲಿಲ್ಲ. ಗೊತ್ತಾದ ಮೇಲೂ ನಿಮಗೆ ಹೇಳದೆ ಸುಮ್ನೆ ಇದ್ದೆ. ಅದು ಇನ್ನೂ ದೊಡ್ಡ ತಪ್ಪು.

ಚಿಕ್ಕಪ್ಪ: ಹೇಳಿದೆಯಲ್ಲ ಪುಟ್ಟಿ, ಸಾಕು. ಒಂದು ಸಲದ ಹೊಗೆಗೆ ಆರೂ ಕಾಯಿಲ್ ಸಾಯುವುದಿಲ್ಲ. ಆಮೇಲೆ ಗಾಳಿ ಆಡುವ ಹಾಗೆ ಸುಟ್ಟಾಗ ಪದರ ಮತ್ತೆ ಕಟ್ಟುತ್ತದೆ. ಆದರೆ ಅದಕ್ಕೆ ತಂತಿಯೊಳಗಿನ ಅಲ್ಯೂಮಿನಿಯಂ ಖರ್ಚಾಗುತ್ತದೆ. ಬಿಸಿ ಜಾಸ್ತಿ ಆದಷ್ಟೂ ಆ ಖರ್ಚು ಜಾಸ್ತಿ. ಅದಕ್ಕೇ ಕೋನ್ 10 ಹೊರೆ.

ದೊಡ್ಡಕ್ಕ: ನನ್ನದೂ ಒಂದು ಇದೆ. ಇಟ್ಟಿಗೆಯಲ್ಲಿ ಕಾಯಿಲ್ ಕೂರುವ ಕೆಳಗಿನ ತೋಡಿನಿಂದ ಕಾಯಿಲ್ ಉಬ್ಬಿ ಹೊರಗೆ ಬಂದಿತ್ತು. ಸ್ಕ್ರೂಡ್ರೈವರ್‌ನಿಂದ ಒಳಗೆ ತಳ್ಳಲು ನೋಡಿದೆ. ಟಕ್ ಅಂತ ಸದ್ದಾಯಿತು, ಭಯವಾಗಿ ಬಿಟ್ಟೆ.

ಚಿಕ್ಕಪ್ಪ: ತಣ್ಣಗಿದ್ದಾಗ ತಳ್ಳಲೇಬಾರದು ಕಣಮ್ಮ. ಒಂದು ಸಲ ಚೆನ್ನಾಗಿ ಕಾದ ತಂತಿ ಆಮೇಲೆ ತಣ್ಣಗಾದರೆ ಒಣಗಿದ ಕಡ್ಡಿ ಥರ ಮುರಿಯುತ್ತದೆ. ಕರೆಂಟ್ ತೆಗೆದು, ಟಾರ್ಚ್‌ನಿಂದ ಆ ಜಾಗ ಕೆಂಪಗೆ ಕಾಯಿಸಿ ಮೆಲ್ಲಗೆ ಬಗ್ಗಿಸಬೇಕು.

ಅತ್ತಿಗೆ: ಆ ತೋಡಿನಲ್ಲೇ ಗ್ಲೇಜ್ ಹನಿಯೂ ಇದೆ, ಗಾಜಿನ ಹಾಗೆ ಹೊಳೆಯುತ್ತಿದೆ. ಇವರ ಜಾಡಿಯಿಂದ ಬಿದ್ದದ್ದು. ಪ್ರತಿ ಫೈರಿಂಗ್‌ಗೂ ಅದು ಮತ್ತೆ ಕರಗಿ ಕಾಯಿಲ್ ತಿನ್ನುತ್ತದೆ. ಹೊಸ ಕಾಯಿಲ್ ಹಾಕುವ ಮೊದಲು ಆ ಇಟ್ಟಿಗೆಯ ಭಾಗ ಕೊರೆದು ತೆಗೆಯಿರಿ. ನಾಳೆ ನಾನೂ ಬರುತ್ತೇನೆ, ವ್ಯಾಕ್ಯೂಮ್ ತರುತ್ತೇನೆ. ಮುಚ್ಚಳದಿಂದ ಉದುರುವ ಪುಡಿಯನ್ನೂ ತೆಗೆಯಬೇಕು.

ಅಣ್ಣ: ಸರಿ. ಖರ್ಚಿನ ಮಾತಿಗೆ ಬರೋಣ. ನಾನು ಕಡಿಮೆ ಕೊಡಬೇಕು ಅಂತಿಲ್ಲ. ಎಷ್ಟು ಅನ್ನುವುದಕ್ಕೆ ಒಂದು ಲೆಕ್ಕ ಬೇಕು, ಕೋಪದಲ್ಲಿ ಹೇಳಿದ ಅಂಕಿ ಬೇಡ.

ಅತ್ತಿಗೆ: ಒಂದು ಫೈರಿಂಗ್‌ಗೆ ಕಾಯಿಲ್ ಸವೆಯುವುದನ್ನು ಬಿಸ್ಕ್‌ಗೆ 1, ಕೋನ್ 6ಕ್ಕೆ 2, ಕೋನ್ 10ಕ್ಕೆ 4 ಅಂತ ಇಟ್ಟು ಕೂಡಿಸಿದೆ. ಒಟ್ಟು 234. ಅದರಲ್ಲಿ ಕೋನ್ 10ರದ್ದೇ 124.

ಅಣ್ಣ: ಆ 4 ಎಲ್ಲಿಂದ ಬಂತು?

ಅತ್ತಿಗೆ: ನನ್ನ ಅಂದಾಜು. 3 ಅಂತ ಇಟ್ಟರೆ 203ರಲ್ಲಿ 93. ಅರ್ಧಕ್ಕೆ ಸ್ವಲ್ಪ ಕಡಿಮೆ. 4 ಇಟ್ಟರೆ ಅರ್ಧಕ್ಕೆ ಸ್ವಲ್ಪ ಜಾಸ್ತಿ. ಹೇಗೆ ನೋಡಿದರೂ ಅರ್ಧದ ಹತ್ತಿರವೇ ಬಂದು ನಿಲ್ಲುತ್ತದೆ.

ಅಣ್ಣ: ಹಾಗಾದರೆ ಅರ್ಧ ನಮ್ಮ ಮನೆಯದು. ಉಳಿದ ಅರ್ಧ ನೀವು ಮೂರು ಮನೆಯವರು. ಒಳಗಿನ ಬಿಸಿ ಅಳೆಯುವ ಥರ್ಮೋಕಪಲ್ ತುದಿಯೂ ಸವೆದು ತೆಳುವಾಗಿದೆ, ಜೊತೆಗೇ ಬದಲಿಸೋಣ. ಅದನ್ನು ಸಮ ಹಂಚೋಣ.

ನಾನು: ಒಪ್ಪಿದೆ. ಅಣ್ಣ, ಬೆಳಿಗ್ಗೆ ಸ್ವಲ್ಪ ಗಡುಸಾಗಿ ಬರೆದೆ. ಬೇಜಾರು ಮಾಡ್ಕೋಬೇಡ.

ಅಣ್ಣ: ಬೇಜಾರು ಇತ್ತು. ಈಗ ಇಲ್ಲ.

ದೊಡ್ಡಕ್ಕ: ಇನ್ನು ಮೇಲೆ ಒಂದು ಮಾತು. ಪ್ರತಿ ಶೆಲ್ಫಿನಲ್ಲೂ ಕೋನ್ ಇಡಲೇಬೇಕು, ಕಂಟ್ರೋಲರ್ ಅಂಕಿ ಒಂದನ್ನೇ ನಂಬಬೇಡಿ. ಫೈರಿಂಗ್‌ಗೆ ಎಷ್ಟು ಗಂಟೆ ಹಿಡಿಯಿತು ಅಂತಲೂ ಪುಸ್ತಕದಲ್ಲಿ ಬರೆಯಿರಿ. ಎಂಟು ಗಂಟೆಯದ್ದು ಹನ್ನೊಂದು ಆದಾಗಲೇ ನಾವು ಎಚ್ಚರ ಆಗಬೇಕಿತ್ತು.

(ಎಂಟು ದಿನ ಆದ ಮೇಲೆ)

ಚಿಕ್ಕಪ್ಪ: ಆರೂ ಕಾಯಿಲ್ ಕೂತವು. ಆರೂ 12ರ ಹತ್ತಿರ ತೋರಿಸುತ್ತಿವೆ. ಮೊದಲ ಫೈರಿಂಗ್ ಖಾಲಿ ಕಿಲ್ನ್, ಬರೀ ಶೆಲ್ಫು ಮತ್ತು ಕೋನ್. ಕಂಡಿಗಳು ತೆರೆದೇ ಇರಲಿ, 1060ರವರೆಗೆ. ತಂತಿಗೆ ಪದರ ಕಟ್ಟಲಿ.

ದೊಡ್ಡಕ್ಕ: (ಫೋಟೊ) ತೆರೆದೆ. ಮೂರೂ ಶೆಲ್ಫಿನ ಕೋನ್ ಒಂದೇ ಥರ ಬಾಗಿವೆ. ಬೋಲ್ಟುಗಳನ್ನು ಚಿಕ್ಕಪ್ಪ ಇನ್ನೊಮ್ಮೆ ಬಿಗಿದರು. ಮುಂದಿನ ಸರದಿ ಯಾರದ್ದು?

ಅಣ್ಣ: ನನ್ನದು. ಜಾಡಿಯ ಗ್ಲೇಜನ್ನು ಕೋನ್ 6ಕ್ಕೆ ಬರುವ ಹಾಗೆ ಬದಲಿಸಿ ನೋಡುತ್ತಿದ್ದೇನೆ. ಇಪ್ಪತ್ತು ಪರೀಕ್ಷೆ ತುಂಡುಗಳಿವೆ. ಕೆಳಗಿನ ಶೆಲ್ಫು ಅಕ್ಕನ ತಟ್ಟೆಗಳಿಗೆ ಇರಲಿ.