ಮಗಳು ಬಿಡಿಸುವ ಪ್ರಾಣಿಗಳಿಗೆ ಜೀವ ಬರಬೇಕು, ಮುಂಬಯಿಯಲ್ಲಿ ಎಲ್ಲಿಗೆ ಕರೆದುಕೊಂಡು ಹೋಗಲಿ?

ಪ್ರಶ್ನೆ, ಡೊಂಬಿವಲಿಯಿಂದ:
ಎಲ್ಲರಿಗೂ ನಮಸ್ಕಾರ. ಎಂಟನೇ ಕ್ಲಾಸಿನ ನನ್ನ ಮಗಳಿಗೆ ಪ್ರಾಣಿಗಳ ಚಿತ್ರ ಅಂದ್ರೆ ಪ್ರಾಣ. ಮೊಬೈಲಿನ ಫೋಟೋ ನೋಡಿ ಆನೆ, ಕುದುರೆ, ಹುಲಿ ಬಿಡಿಸುತ್ತಾಳೆ. ಗೆರೆ ಚೆನ್ನಾಗಿದೆ, ಆದ್ರೆ ಪ್ರಾಣಿ ಸೆಟೆದು ನಿಂತುಬಿಡುತ್ತದೆ. ಈಗ ಮಣ್ಣಿನಲ್ಲೂ ಮಾಡಬೇಕಂತೆ. ಗೊತ್ತಿದ್ದವರು ದಾರಿ ತೋರಿಸಿ.

ಗೋರೆಗಾಂವ್‌ನಿಂದ:
ಅಕ್ಕಾ, ಮೊದಲು ಅವಳನ್ನು ಎಮ್ಮೆಗಳ ಮುಂದೆ ಕೂರಿಸಿ. ಆರೆ ಕಾಲೊನಿಯ ತಬೇಲಾದವರನ್ನು (ಎಮ್ಮೆ ಕೊಟ್ಟಿಗೆಯವರನ್ನು) ಕೇಳಿಕೊಂಡು, ಹಾಲು ಕರೆಯುವ ಹೊತ್ತು ಬಿಟ್ಟು ಹೋಗಿ. ಮಲಗಿ ಮೆಲುಕು ಹಾಕುವ ಎಮ್ಮೆ ಬೇಗ ಜಾಗ ಬಿಟ್ಟು ಏಳುವುದಿಲ್ಲ. ಕಲಿಯುವವರಿಗೆ ಇದಕ್ಕಿಂತ ಒಳ್ಳೇ ಮಾಡೆಲ್ ಸಿಗುವುದು ಕಷ್ಟ. ಸೊಂಟದ ಮೂಳೆ ಚರ್ಮದಡಿ ಎದ್ದು ಕಾಣುತ್ತದೆ. ಅಲ್ಲಿಂದ ಬೆನ್ನು ಬಾಲದ ಕಡೆ ಹೇಗೆ ಇಳಿಯುತ್ತದೆ, ಹೊಟ್ಟೆ ಯಾವ ಕಡೆ ವಾಲಿ ನೆಲಕ್ಕೆ ಒತ್ತಿದೆ, ಮುಂಗಾಲು ಎದೆಯಡಿ ಹೇಗೆ ಮಡಚಿಕೊಂಡಿದೆ, ಇಷ್ಟನ್ನೇ ನೋಡಲಿ. ಕಣ್ಣು, ಕೂದಲು ಎಲ್ಲ ಆಮೇಲೆ. ಮೈಭಾರ ಎಲ್ಲಿ ಬಿದ್ದಿದೆ ಅಂತ ಕಣ್ಣಿಗೆ ಸಿಕ್ಕಿದರೆ ಚಿತ್ರದ ಸೆಟವು ತಾನಾಗೇ ಸಡಿಲವಾಗುತ್ತದೆ. ಫೋಟೋದಲ್ಲಿ ಈ ಭಾರ ತಿಳಿಯುವುದೇ ಇಲ್ಲ.

ಹಿಂಗಾಲಿನ ಬಗ್ಗೆ ಹೇಳಲೇಬೇಕು. ಕುದುರೆ, ನಾಯಿ, ಎಮ್ಮೆಗಳಲ್ಲಿ ಹಿಂದಕ್ಕೆ ಮಡಚಿದಂತೆ ಕಾಣುವ ಗಂಟು ಅವುಗಳ ಹಿಮ್ಮಡಿ. ಮೊಣಕಾಲು ಇನ್ನೂ ಮೇಲೆ, ಹೊಟ್ಟೆಯ ಹತ್ತಿರ ಇರುತ್ತದೆ, ನಮ್ಮ ಮೊಣಕಾಲಿನಂತೆಯೇ ಮಡಚುತ್ತದೆ. ಮಗಳು ಒಮ್ಮೆ ತುದಿಗಾಲಲ್ಲಿ ನಿಂತು ಮೊಣಕಾಲು ಬಗ್ಗಿಸಿ ನೋಡಲಿ, ತಟ್ಟನೆ ಅರ್ಥವಾಗುತ್ತದೆ. ಆನೆಯದು ಬೇರೆ. ಕಾಲು ಕಂಬದ ಹಾಗೆ ನೆಟ್ಟಗೆ, ಹಿಂಗಾಲಿನ ಮೊಣಕಾಲು ಹೊಟ್ಟೆಗಿಂತ ಕೆಳಗೆ.

ಮಾಟುಂಗದಿಂದ:
ಆನೆಗೆ ನೇರ ಭಾಯಖಳಾಕ್ಕೆ (ಬೈಕುಲಾ) ಹೋಗಿ. ರಾಣಿಬಾಗ್ ಮೃಗಾಲಯದ ಪಕ್ಕದಲ್ಲೇ ಭಾವು ದಾಜಿ ಲಾಡ್ ಮ್ಯೂಸಿಯಂ ಇದೆ. ಹೊರಗೆ ಘಾರಾಪುರಿ ದ್ವೀಪದ ಕಲ್ಲಾನೆ ನಿಂತಿದೆ. ಪೋರ್ಚುಗೀಸರು ಆ ದ್ವೀಪಕ್ಕೆ ಎಲಿಫಂಟಾ ಅಂತ ಹೆಸರಿಟ್ಟಿದ್ದು ಇದನ್ನು ನೋಡಿಯೇ. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಬಿದ್ದು ಒಡೆಯಿತು. 1914ರಲ್ಲಿ ತುಂಡುಗಳನ್ನು ಜೋಡಿಸಿ ನಿಲ್ಲಿಸಿದರು. ಮಣ್ಣಿನ ಕೆಲಸ ಕಲಿಯುವವರು ಇದನ್ನು ಸುತ್ತು ಹಾಕಿ ನೋಡಲೇಬೇಕು. ನಾಲ್ಕೂ ಕಡೆಯಿಂದ ಒಂದೊಂದು ಚಿತ್ರ ಬಿಡಿಸಲಿ. ಎರಡೂ ಕಡೆ ಬುಧವಾರ ರಜೆ. ಭಾನುವಾರ ಪೆಂಗ್ವಿನ್ ನೋಡುವವರ ಗದ್ದಲ ಜಾಸ್ತಿ, ಕೂತು ಬಿಡಿಸೋಕೆ ಆಗಲ್ಲ.

ಮನೆಯಲ್ಲಿ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ತೋರಿಸಿ. ಉಡುಪಿ ಹತ್ತಿರದ ಕಟ್ಟಿಂಗೇರಿಯವರು, ಇಲ್ಲೇ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತು ಅಲ್ಲೇ ಕಲಿಸಿದವರು. ಎಷ್ಟು ಕಡಿಮೆ ಗೆರೆಯಲ್ಲಿ ಮೈಯ ಚಲನೆ ಹಿಡಿಯಬಹುದು ಅಂತ ಅವರನ್ನು ನೋಡಿ ಕಲಿಯಬೇಕು.

ಥಾಣೆಯಿಂದ:
ಬೀದಿನಾಯಿ, ಬೆಕ್ಕು ಮರೆಯಬೇಡಿ. ಬೆಕ್ಕು ಮೆಲ್ಲಗೆ ಹೊಂಚು ಹಾಕಿ ನಡೆಯುವಾಗ ಹೆಗಲಿನ ಮೂಳೆ ಬೆನ್ನಿಗಿಂತ ಮೇಲೆ ಏಳುತ್ತದೆ. ಹುಲಿಗೂ ಹಾಗೇ. ಮನೆ ಬಾಗಿಲಲ್ಲೇ ಹುಲಿ ಕಲಿಯಬಹುದು ಅಲ್ವಾ!

ಪರೇಲ್‌ನಿಂದ:
ಮಣ್ಣಿನ ವಿಷಯ ನಾನು ಹೇಳುತ್ತೇನೆ. ಗಣಪತಿ ಮೂರ್ತಿಗೆ ಬಳಸುವ ಶಾಡೂ ಮಣ್ಣು ತನ್ನಿ. ಅದರಲ್ಲಿ ಕೂತ, ಮಲಗಿದ ಪ್ರಾಣಿಗಳಿಂದ ಶುರು ಮಾಡಲಿ. ನಿಂತ ಕುದುರೆಗೆ ಒಳಗೆ ತಂತಿ ಬೇಕು. ಮಣ್ಣು ಒಣಗುತ್ತಾ ಕುಗ್ಗುತ್ತದೆ, ತಂತಿ ಕುಗ್ಗಲ್ಲ, ಹಾಗಾಗಿ ಕಾಲು ಬಿರುಕು ಬಿಡುತ್ತದೆ. ಅಂಥದ್ದಕ್ಕೆ ಅಲ್ಯೂಮಿನಿಯಂ ತಂತಿಯ ಮೇಲೆ ಪ್ಲಾಸ್ಟಿಸಿನ್ (ಎಣ್ಣೆ ಬೆರೆತ ಮೆತ್ತನೆ ಮಣ್ಣು) ಹಚ್ಚಿ, ಅದು ಒಣಗುವುದೇ ಇಲ್ಲ. ಮೊದಲು ಎದೆ, ಹೊಟ್ಟೆ, ಸೊಂಟ ಅಂತ ಮೂರು ಉಂಡೆ ಜೋಡಿಸಲಿ, ಮುಖ ಕೊನೆಗೆ. ಕೆಲಸ ಅರ್ಧಕ್ಕೆ ನಿಂತರೆ ಶಾಡೂಗೆ ಒದ್ದೆ ಬಟ್ಟೆ ಸುತ್ತಿ ಪ್ಲಾಸ್ಟಿಕ್ ಕವರ್ ಹಾಕಿಡಿ. ಹಬ್ಬಕ್ಕೆ ಮುಂಚೆಯೇ ಜಾಸ್ತಿ ಕೊಂಡಿಡಿ. ಒಣಗಿ ಗಟ್ಟಿಯಾದದ್ದನ್ನೂ ಕುಟ್ಟಿ ನೀರಲ್ಲಿ ನೆನೆಸಿ ನಾದಿದರೆ ಮತ್ತೆ ಕೆಲಸಕ್ಕೆ ಬರುತ್ತದೆ.