ಮೊದಲು ಚಾರ್ಜರ್, ಆಮೇಲೆ ಬ್ಯಾಟರಿ

ಪುಟ್ಟಿ, ನಿನ್ನ ಸಂದೇಶ ಈಗಷ್ಟೇ ಕೇಳಿದೆ. ಗಾಬರಿಯಾಗಬೇಡ, ಆದರೆ ನಾನು ಹೇಳಿ ಮುಗಿಸುವವರೆಗೆ ಆ ಬ್ಯಾಟರಿಯನ್ನು ಯಾವುದಕ್ಕೂ ಸಿಕ್ಕಿಸಬೇಡ. ಉಳಿದವರೂ ಕೇಳಿಸಿಕೊಳ್ಳಿ, ಇವಳ ಪ್ರಶ್ನೆ ಇಷ್ಟು: ಮಗನ ರಿಮೋಟ್ ಕಾರಿಗೆ ಅವನ ಮಾವ ಹೊಸ ಲಿಪೋ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ ಕೊಡಿಸಿದ್ದಾನೆ. ಅದರ ತುದಿಯಲ್ಲಿರುವುದು ಹಳದಿ ಪ್ಲಗ್. ಕಾರಿನ ಜೊತೆ ಬಂದ ಹಳೆಯ ಚಾರ್ಜರಿನದು ದಪ್ಪನೆಯ ಬಿಳಿ ಪ್ಲಗ್. ಒಂದಕ್ಕೊಂದು ಕೂರುವುದಿಲ್ಲ, ಹಾಗಾಗಿ ಚಾರ್ಜರಿನ ತಂತಿ ಕತ್ತರಿಸಿ ಹಳದಿ ಪ್ಲಗ್ ಹಾಕಿಬಿಡಲೇ ಎಂದು ಅಳಿಯಂದಿರು ಕೇಳುತ್ತಿದ್ದಾರೆ.

ಬೇಡವೇ ಬೇಡ. ಅದು ನಿಕಲ್ ಬ್ಯಾಟರಿಯ ಚಾರ್ಜರ್. ನಿಕಲ್ ಬ್ಯಾಟರಿ ತುಂಬಿದಾಗ ಅದರ ವೋಲ್ಟೇಜ್ ಒಂದಿಷ್ಟು ಕೆಳಗಿಳಿಯುತ್ತದೆ, ಒಳ್ಳೆಯ ನಿಕಲ್ ಚಾರ್ಜರ್ ಆ ಇಳಿತವನ್ನು ನೋಡಿಕೊಂಡು ನಿಲ್ಲುತ್ತದೆ. ಅಗ್ಗದ್ದಾದರೆ ಅದನ್ನೂ ನೋಡುವುದಿಲ್ಲ. ಲಿಪೋ ಹಾಗೆ ಇಳಿದು ತೋರಿಸುವುದಿಲ್ಲ. ಒಂದೊಂದು ಸೆಲ್ 4.2 ವೋಲ್ಟ್ ಮುಟ್ಟಿದ ಕೂಡಲೇ ಏರಿಕೆಯನ್ನು ತಡೆಯಬೇಕು, ಅದು ಈ ಚಾರ್ಜರಿಗೆ ಗೊತ್ತಿಲ್ಲ. ತುಂಬುತ್ತಲೇ ಹೋಗುತ್ತದೆ. ಲಿಪೋ ಉಬ್ಬಿ ಬೆಂಕಿ ಹತ್ತುವುದು ಹೀಗೆಯೇ. ಪ್ಲಗ್ ಕೂರದೆ ಹೋದದ್ದು ನಿಮ್ಮ ಪುಣ್ಯ.

ಈಗ ಭಾವನವರ ವಿಷಯ ಹೇಳಲೇಬೇಕು. ಎಲ್ಲರಿಗೂ ಗೊತ್ತಿರುವ ಸಂಗತಿ, ಆದರೆ ನಿಜವಾಗಿ ಏನಾಯಿತೆಂದು ಯಾರಿಗೂ ಗೊತ್ತಿಲ್ಲ. ಆಗ ನನ್ನ ಚಾರ್ಜರಿನಲ್ಲಿ ಎರಡು ದುಂಡು ರಂಧ್ರಗಳಿದ್ದವು, ಕೆಂಪೊಂದು, ಕಪ್ಪೊಂದು. ಅದಕ್ಕೆ ಹಾಕುವ ತಂತಿಯ ಒಂದು ತುದಿಯಲ್ಲಿ ಬ್ಯಾಟರಿಗೆ ಹೊಂದುವ ಹಳದಿ ಪ್ಲಗ್, ಇನ್ನೊಂದು ತುದಿಯಲ್ಲಿ ಎರಡು ಬನಾನಾ ಪ್ಲಗ್. ಆ ಬನಾನಾ ಪ್ಲಗ್ಗಿನ ಮೂತಿ ಬರೀ ಲೋಹ, ಮೇಲೆ ಯಾವ ಹೊದಿಕೆಯೂ ಇಲ್ಲ. ನಾನು ಒಳಗೆ ಏನೋ ಕೆಲಸದಲ್ಲಿದ್ದೆ. ಭಾವನವರು ಸಹಾಯ ಮಾಡೋಣವೆಂದು ಬಂದು, ತಂತಿಯ ಹಳದಿ ತುದಿಯನ್ನು ಮೊದಲು ಬ್ಯಾಟರಿಗೆ ಸಿಕ್ಕಿಸಿದರು. ಆ ಹೊತ್ತಿಗೆ ಬನಾನಾ ಪ್ಲಗ್‌ಗಳು ಮೇಜಿನ ಮೇಲೆ ಅಕ್ಕಪಕ್ಕದಲ್ಲಿ ಬಿದ್ದಿದ್ದವು. ಎರಡರ ಮೂತಿಯೂ ತಾಗಿತು. ಚಟ್ ಎಂಬ ಸದ್ದು, ಕಣ್ಣು ಕೋರೈಸುವ ಕಿಡಿ, ಎರಡು ಪ್ಲಗ್‌ಗಳೂ ಬೆಸುಗೆ ಹಾಕಿದಂತೆ ಅಂಟಿಕೊಂಡವು. ತಂತಿಯ ಮೇಲಿನ ರಬ್ಬರು ಹೊಗೆಯಾಡತೊಡಗಿತು. ನಾನು ಓಡಿಬಂದು ದಪ್ಪ ಬಟ್ಟೆಯಲ್ಲಿ ಹಳದಿ ಪ್ಲಗ್ಗನ್ನು ಹಿಡಿದು ಎಳೆದುಹಾಕಿದೆ. ಅಷ್ಟರಲ್ಲೇ ಬ್ಯಾಟರಿಯ ಹೊಟ್ಟೆ ಊದಿತ್ತು, ಮೂಗಿಗೆ ಸಿಹಿ ಬೆರೆತ ಘಾಟು ಹೊಡೆಯುತ್ತಿತ್ತು. ಮರಳಿನ ಬಕೆಟ್ಟಿಗೆ ಹಾಕಿ ಅಂಗಳಕ್ಕೆ ಸಾಗಿಸಿದೆ.

ಅದು 2200 ಎಂಎಎಚ್‌ನ, ಅಂದರೆ 2.2 ಆಂಪಿಯರ್-ಗಂಟೆ ಸಾಮರ್ಥ್ಯದ ಪುಟ್ಟ ಬ್ಯಾಟರಿ. ಮೇಲೆ 25ಸಿ ಎಂದು ಬರೆದಿತ್ತು, ಸಾಮರ್ಥ್ಯದ 25 ಪಟ್ಟು ಎಂದು. 2.2ನ್ನು 25ರಿಂದ ಗುಣಿಸಿ ನೋಡಿ, 55 ಆಂಪಿಯರ್. ಅಷ್ಟನ್ನು ಅದು ನಿರಂತರವಾಗಿ ಕೊಡುತ್ತದೆ ಎಂದು ಅರ್ಥ. ಶಾರ್ಟ್ ಆದ ಗಳಿಗೆಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಹರಿಯುತ್ತದೆ. ಮಕ್ಕಳ ಆಟಿಕೆಯ ಬ್ಯಾಟರಿ ತಾನೇ ಎಂದು ಯಾರೂ ಹಗುರವಾಗಿ ಎಣಿಸಬೇಡಿ. ಮೊದಲು ತಂತಿಯನ್ನು ಚಾರ್ಜರಿಗೆ ಹಾಕಬೇಕು, ಬ್ಯಾಟರಿ ಕೊನೆಗೆ. ತೆಗೆಯುವಾಗ ಬ್ಯಾಟರಿ ಮೊದಲು.

ಇದನ್ನೇ ನಾನು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಆ ಚಾರ್ಜರಿನ ಬೆನ್ನಿಗೆ ಅಂಟಿಸಿದ್ದೆ. ಆಮೇಲೆ ಆದದ್ದೇನು? ಇವತ್ತಿಗೂ ಭಾವನವರು ಬ್ಯಾಟರಿ ತಾನಾಗಿಯೇ ಸಿಡಿಯಿತು ಎಂದೇ ಹೇಳುತ್ತಾರೆ. ಅವರು ಈ ಗುಂಪಿನಲ್ಲೇ ಇದ್ದಾರೆ, ಕೇಳಲಿ. ಮನೆಯವರೆಲ್ಲ ಸೇರಿ ನನ್ನ ರಿಮೋಟ್ ವಿಮಾನಗಳ ಹವ್ಯಾಸವೇ ಮನೆಗೆ ಬೆಂಕಿ ಇಡುತ್ತದೆಂದು ತೀರ್ಮಾನಿಸಿದರು. ನನ್ನ ಮೇಜು ಜಗಲಿಗೆ ಹೋಯಿತು. ಮಳೆ ಬಂದರೆ ಇರಚಲು ಹೊಡೆಯುವ ಜಾಗ ಅದು, ಬಾಲ್ಸಾ ಮರದ ರೆಕ್ಕೆಗಳು ಅಲ್ಲಿ ತೇವಕ್ಕೆ ತಿರುಚಿಕೊಂಡವು. ಗಂಡಸರು ಬೈಕ್ ಬಿಚ್ಚಿ ನಡುಮನೆಗೆಲ್ಲ ಎಣ್ಣೆ ಸುರಿದಾಗ ಯಾರೂ ಮಾತಾಡಲಿಲ್ಲ. ನನ್ನ ಬ್ಯಾಟರಿಗೆ ಮಾತ್ರ ಪಂಚಾಯಿತಿ ಸೇರಿತು. ಆ ಹೊತ್ತಿನಲ್ಲಿ ಪ್ಲಗ್ ಎಳೆದವಳು ನಾನು, ಅಂಗೈ ಸುಟ್ಟದ್ದು ನನಗೆ. ಅದನ್ನು ಕೇಳಿದವಳು ನಿನ್ನ ಅಮ್ಮ ಒಬ್ಬಳೇ, ಪುಟ್ಟಿ. ನಾನು ಅದನ್ನು ಮರೆತಿಲ್ಲ. ಈಗ ಎಲ್ಲರ ಮನೆಯಲ್ಲೂ ಡ್ರೋನ್, ಕಾರು, ದೋಣಿ ಬಂದಿವೆ, ಏನಾದರೂ ಉಬ್ಬಿದರೆ ನನಗೇ ಕರೆ ಬರುತ್ತದೆ. ಬರಲಿ, ಆದರೆ ಕೊಳ್ಳುವ ಮೊದಲು ಒಂದು ಮಾತು ಕೇಳಬಾರದೇ?

ಇನ್ನೊಮ್ಮೆ ಹೇಳುತ್ತೇನೆ: ಚಾರ್ಜರ್ ಮೊದಲು, ಬ್ಯಾಟರಿ ಕೊನೆಗೆ. ಅಳಿಯಂದಿರಿಗೂ ಕೇಳಿಸು, ಆ ಹುಡುಗನಿಗೂ ಬಾಯಿಪಾಠ ಮಾಡಿಸು.

ಅಯ್ಯೋ, ಯಾವ ಚಾರ್ಜರ್ ತರಬೇಕೆಂದು ನೀನು ಕೇಳಿದ್ದನ್ನು ಹೇಳಲೇ ಇಲ್ಲ. ಆ ಹಳದಿ ಪ್ಲಗ್ಗಿನ ಹೆಸರು ಎಕ್ಸ್‌ಟಿ60, ಮೈಮೇಲೆಯೇ ಅದರ ಸಾಕೆಟ್ ಇರುವ ಚಾರ್ಜರ್ ತೆಗೆದುಕೊಳ್ಳಿ. ಆಗ ಬನಾನಾ ಪ್ಲಗ್ಗಿನ ಗೊಡವೆಯೇ ಇರುವುದಿಲ್ಲ, ತೆರೆದ ಲೋಹ ಎಲ್ಲೂ ಹೊರಗೆ ಕಾಣುವುದಿಲ್ಲ. ಬ್ಯಾಟರಿಯಿಂದ ದಪ್ಪ ತಂತಿಗಳ ಜೊತೆಗೆ ಸಣ್ಣ ಬಿಳಿ ಪ್ಲಗ್ಗೂ ಹೊರಟಿರುತ್ತದೆ ನೋಡು, ಎರಡು ಸೆಲ್ಲಿನದಾದರೆ ಅದರಲ್ಲಿ ಮೂರು ತಂತಿ. ಅದು ಬ್ಯಾಲೆನ್ಸ್ ಪ್ಲಗ್. ಒಂದೊಂದು ಸೆಲ್ಲನ್ನೂ ಬೇರೆಬೇರೆಯಾಗಿ ಅಳೆದು ಸರಿದೂಗಿಸಲು ಅದು ಬೇಕೇ ಬೇಕು, ಪ್ರತಿ ಸಲವೂ ಅದನ್ನು ಸಿಕ್ಕಿಸಿಯೇ ಚಾರ್ಜ್ ಮಾಡಬೇಕು. ಅದಕ್ಕೆ ಜಾಗವಿಲ್ಲದ ಚಾರ್ಜರ್ ಬೇಡ. ಪರದೆಯಲ್ಲಿ ಲಿಪೋ ಎಂದು ಆರಿಸಿ, ಸೆಲ್ಲುಗಳ ಎಣಿಕೆ ಸರಿಯಿದೆಯೇ ಎಂದು ನೋಡಿಯೇ ಶುರುಮಾಡಬೇಕು.

ನಿಮ್ಮದು ಎರಡು ಸೆಲ್ಲಿನ 5000 ಎಂಎಎಚ್ ಎಂದಿದ್ದೀಯಲ್ಲ, 1ಸಿ ವೇಗದಲ್ಲಿ, ಅಂದರೆ ಸಾಮರ್ಥ್ಯದ ಒಂದು ಪಟ್ಟಿನಲ್ಲಿ ಚಾರ್ಜ್ ಮಾಡಿದರೆ 5 ಆಂಪಿಯರ್. ತುಂಬಿದಾಗ 8.4 ವೋಲ್ಟ್, ಗುಣಿಸಿದರೆ 42 ವಾಟ್. 50 ವಾಟ್‌ನದು ಸಾಕು. ಕೆಲವು ಚಾರ್ಜರ್‌ಗಳು ಗೋಡೆಯ ವಿದ್ಯುತ್ತಿಗೆ ನೇರ ಹೋಗುವುದಿಲ್ಲ, ಬೇರೆ ಪವರ್ ಸಪ್ಲೈ ಬೇಡುತ್ತವೆ, ಅದನ್ನು ವಿಚಾರಿಸಿಕೊಳ್ಳಿ.

ಕಾರಿನ ಕಡೆ ಇರುವ ಬಿಳಿಯ ಟಾಮಿಯಾ ಪ್ಲಗ್ಗನ್ನು ತೆಗೆದು ಅಲ್ಲಿಗೂ ಎಕ್ಸ್‌ಟಿ60 ಹಾಕಿಸಿ. ಹೆಚ್ಚು ಕರೆಂಟು ಹರಿದರೆ ಬಿಳಿಯದು ಬಿಸಿಯಾಗಿ ಕರಗುತ್ತದೆ. ನಡುವೆ ಅಡಾಪ್ಟರ್ ಸಿಕ್ಕಿಸುವುದಕ್ಕಿಂತ ಇದು ಮೇಲು. ಕತ್ತರಿಸಬೇಕಾದದ್ದು ಕಾರಿನ ತಂತಿಯನ್ನು, ಬ್ಯಾಟರಿಯದನ್ನು ಮುಟ್ಟಲೇಬೇಡಿ. ಪ್ಲಗ್ಗಿನ ಮೈಮೇಲೆ ಅಧಿಕ (+), ಋಣ (−) ಚಿಹ್ನೆಗಳಿರುತ್ತವೆ, ಕೆಂಪು ತಂತಿ ಅಧಿಕಕ್ಕೆ. ಬೆಸುಗೆ ಹಾಕುವಾಗ ಅದರ ಜೋಡಿ ಪ್ಲಗ್ಗನ್ನು ಸಿಕ್ಕಿಸಿಟ್ಟುಕೊಳ್ಳಲಿ, ಇಲ್ಲವಾದರೆ ಬಿಸಿಗೆ ನೈಲಾನ್ ಮೆತ್ತಗಾಗಿ ಪಿನ್ನುಗಳು ಓರೆಯಾಗುತ್ತವೆ. ಬ್ಯಾಟರಿಗೆ ಅಂಟಿಕೊಂಡೇ ಬಂದಿರುವುದನ್ನು ಮಾತ್ರ ಜೋಡಿಯಾಗಿ ಬಳಸಬಾರದು, ಬಿಡಿ ಪ್ಲಗ್ ಬೇಕು.

ಕಾರಿನ ಸ್ಪೀಡ್ ಕಂಟ್ರೋಲರ್‌ನಲ್ಲಿ, ಅಂದರೆ ಮೋಟಾರಿನ ವೇಗ ನಿಯಂತ್ರಿಸುವ ಭಾಗದಲ್ಲಿ, ಲಿಪೋ ಎಂಬ ಆಯ್ಕೆ ಇದೆಯೇ ಎಂದೂ ನೋಡಿ. ಇಲ್ಲದಿದ್ದರೆ ಅದು ಬ್ಯಾಟರಿಯನ್ನು ಸೆಲ್ಲಿಗೆ 3 ವೋಲ್ಟಿಗಿಂತ ಕೆಳಗೂ ಹೀರಿ ಕೆಡಿಸುತ್ತದೆ. ಅದರ ಮೇಲಿನ ಚೀಟಿಯ ಚಿತ್ರ ತೆಗೆದು ಇಲ್ಲಿಗೆ ಕಳುಹಿಸು, ನೋಡಿ ಹೇಳುತ್ತೇನೆ.