ಸಹಾಯ ಬೇಕು: ಬೇಸಿಗೆಯಲ್ಲಿ ಕಪ್ಪು-ಬಿಳುಪು ರೀಲು ಡೆವಲಪ್ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಇಳಕಲ್ಲಿನ ನಮ್ಮ ಓಣಿಯಲ್ಲಿ, ಮಗ್ಗ ಬಿಟ್ಟು ಮನೆಯಲ್ಲಿರುವ ಹಿರಿಯ ನೇಕಾರರ ಕೈಗೆ ಹಳೆಯ ಫಿಲ್ಮ್ ಕ್ಯಾಮೆರಾ ಕೊಟ್ಟು, ಅವರು ತೆಗೆದ ಚಿತ್ರಗಳ ಮೂಲಕವೇ ಅವರ ಬದುಕಿನ ಕಥೆಗಳನ್ನು ಸಂಗ್ರಹಿಸುತ್ತಿದ್ದೇವೆ. ರೀಲಿನಲ್ಲಿ 36 ಚಿತ್ರಗಳಷ್ಟೇ ಇರುವುದರಿಂದ ಅವರು ಅವಸರಪಡದೆ ನೋಡಿ ತೆಗೆಯುತ್ತಾರೆ. ಮಾತೇ ಕಡಿಮೆಯಾಗಿದ್ದ ಅಜ್ಜಿಯೊಬ್ಬರು, ಸೀರೆಯ ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಜೋಡಿಸುವ ಕೈಗಳ ಚಿತ್ರವನ್ನು ಹಿಡಿದುಕೊಂಡು ಸಂಜೆಯವರೆಗೂ ಮಾತನಾಡಿದ್ದನ್ನು ಕಂಡ ಮೇಲೆ ಈ ಕೆಲಸವನ್ನು ನಿಲ್ಲಿಸಲು ಮನಸ್ಸಾಗುತ್ತಿಲ್ಲ.

ತೊಡಕಿರುವುದು ರೀಲು ಡೆವಲಪ್ ಮಾಡುವಲ್ಲಿ. ಇಲ್ಫರ್ಡ್ ಎಚ್‌ಪಿ5 ಪ್ಲಸ್ ಎಂಬ ಕಪ್ಪು-ಬಿಳುಪು ಫಿಲ್ಮನ್ನು, ಚಿತ್ರ ಮೂಡಿಸುವ ರಾಸಾಯನಿಕ ದ್ರಾವಣವಾದ, ನೀರು ಬೆರೆಸದ ಡಿ-76 ಡೆವಲಪರ್‌ನಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಏಳೂವರೆ ನಿಮಿಷ ಇಡಬೇಕು. ಆದರೆ ಈ ಬಿಸಿಲಿಗೆ ನಮ್ಮ ತೊಟ್ಟಿಯ ನೀರೇ 30 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮಂಜುಗಡ್ಡೆಯ ಬಕೆಟ್‌ನಲ್ಲಿಟ್ಟು ಡೆವಲಪರನ್ನು ತಣ್ಣಗಾಗಿಸಿದರೂ ಕೊನೆಗೆ ತೊಳೆಯುವ ನೀರು ಬೆಚ್ಚಗೇ ಇರುವುದರಿಂದ, ಆ ಏರುಪೇರಿಗೆ ಫಿಲ್ಮಿನ ಮೇಲ್ಪದರ ಬಿರಿದೀತೆಂಬ ಭಯವಿದೆ. ಬೆಚ್ಚಗಿನ ಡೆವಲಪರ್‌ನಲ್ಲೇ ಸಮಯ ಕಡಿತಗೊಳಿಸಿ ನೋಡಿದಾಗ ಅದು ಐದು ನಿಮಿಷಕ್ಕಿಂತ ಕೆಳಗಿಳಿದು, ಆಕಾಶದ ಭಾಗದಲ್ಲಿ ಪಟ್ಟೆಗಳು ಮೂಡಿದವು.

ಡಿ-76ಕ್ಕೆ ಸಮಪ್ರಮಾಣದ ನೀರು ಬೆರೆಸಿದರೆ 20 ಡಿಗ್ರಿಯಲ್ಲಿ 11 ನಿಮಿಷವೆಂಬುದು ತಿಳಿದಿದೆ. ಹಾಗೆ ಬೆರೆಸಿ, ಡೆವಲಪರ್, ಫಿಕ್ಸರ್ (ಮೂಡಿದ ಚಿತ್ರವನ್ನು ಸ್ಥಿರಗೊಳಿಸುವ ದ್ರಾವಣ), ತೊಳೆಯುವ ನೀರು ಎಲ್ಲವನ್ನೂ 26 ಡಿಗ್ರಿಯಲ್ಲಿಯೇ ಇಟ್ಟುಕೊಂಡರೆ ನೆಗೆಟಿವ್ ಸುರಕ್ಷಿತವೇ, ಮತ್ತು ಆಗ ಎಷ್ಟು ನಿಮಿಷ ಇಡಬೇಕು? ಬಿಸಿಲುನಾಡಿನಲ್ಲಿ ಸ್ವತಃ ಮಾಡಿ ನೋಡಿದವರು ದಯವಿಟ್ಟು ತಿಳಿಸಬೇಕು.